ಉಡಿಗೆ ಬಿದ್ದ ವಾಚು

ನಮ್ಮ ಮನೆಯಲ್ಲಿ ಒಂದು ವಾಚಿದೆ. ಅದರ ಬೆಲೆ ಕೇಳಿದ ದಿನ ಸೋಫಾದ ಮೇಲೆ ಕೂತ ನಾನು ಬಹಳ ಹೊತ್ತು ಏಳಲಿಲ್ಲ. ಅಮೆರಿಕದಲ್ಲಿ ನಾವಿರುವ ಫ್ರೀಮಾಂಟಿನಲ್ಲಿ ಆ ದುಡ್ಡಿಗೆ ಒಳ್ಳೆಯ ಕಾರು ಬರುತ್ತದೆ. ಕಾರಾದರೆ ನಾಲ್ಕು ಜನ ಒಳಗೆ ಕೂತು ಎಲ್ಲಿಗಾದರೂ ಹೋಗಬಹುದು. ಈ ವಾಚಿಗೆ ಬ್ಯಾಟರಿ ಇಲ್ಲ, ಕೀಲಿ ಕೊಡಬೇಕು. ಮರೆತರೆ ಮರುದಿನವೋ ಆಚೆ ದಿನವೋ ನಿಂತೇಬಿಡುತ್ತದೆ. ಮಗಳ ಪ್ಲಾಸ್ಟಿಕ್ ವಾಚು ಇದಕ್ಕಿಂತ ಸರಿಯಾದ ಟೈಮು ತೋರಿಸುತ್ತದೆ.

ಬೋನಸ್ಸು ಬಂದ ವರ್ಷ ನನ್ನ ಗಂಡ ಇದನ್ನು ಕೊಂಡು ತಂದಾಗ, "ಯಾರಿಗೆ ತೋರಸ್ಲಿಕ್ಕೆ ಇದು?" ಎಂದು ಕೇಳಿದ್ದೆ.

"ತೋರಸ್ಲಿಕ್ಕಲ್ಲ, ನೋಡ್ಲಿಕ್ಕೆ," ಎಂದರು.

ಆ ಮಾತೇ ನನ್ನ ತಲೆ ಕೆಡಿಸಿದ್ದು. ದೊಡ್ಡಸ್ತಿಕೆಗೆ ಕೊಂಡಿದ್ದರೆ ಜಗಳವಾದರೂ ಸುಲಭವಾಗುತ್ತಿತ್ತು. ಆದರೆ ಆಫೀಸಿಗೆ ಅವರು ಹೆಜ್ಜೆ ಎಣಿಸುವ ರಬ್ಬರ್ ಪಟ್ಟಿಯ ವಾಚನ್ನೇ ಕಟ್ಟಿಕೊಂಡು ಹೋಗುತ್ತಿದ್ದರು. ಇದು ಹೊರಗೆ ಬರುತ್ತಿದ್ದುದು ಶನಿವಾರ ಬೆಳಿಗ್ಗೆ, ಮನೆಯೊಳಗೆ ಮಾತ್ರ. ಹಳೆಯ ಟೀ ಶರ್ಟಿನಲ್ಲಿ ಕೂತು, ವಾಚಿನ ಹಿಂಬದಿಯ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಟೀ ಆರುವವರೆಗೆ ನೋಡುತ್ತಿದ್ದರು. ಒಮ್ಮೆ ನನ್ನನ್ನೂ ಕರೆದು, ಇದು ಕಲೆ ಎಂದು ತೋರಿಸಿದರು. ಸಾಸಿವೆ ಕಾಳಿನಷ್ಟು ಸಣ್ಣ ಚಕ್ರಗಳು, ಯಾರ ಕಣ್ಣಿಗೂ ಬೀಳದ ಅಂಚಿಗೂ ಯಾರೋ ಕೂತು ಹೊಳಪು ಕೊಟ್ಟಿದ್ದರು. ಚಂದ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಕಲೆ ಅಂದ್ರ ಗ್ವಾಡಿಗೆ ಹಾಕ್ರಿ, ನಾಕು ಮಂದಿ ನೋಡ್ಲಿ. ಡ್ರಾಯರಿನ್ಯಾಗ ಇಟ್ರ ಅದೆಂಥಾ ಕಲೆ?"

"ನಿನ್ನ ಕಪಾಟಿನ್ಯಾಗಿನ ರೇಷ್ಮಿ ಸೀರಿ ವರ್ಷಕ್ಕ ಎಷ್ಟು ಸಲ ಹೊರಗ ಬರ್ತಾವ?"

ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ.

ಈ ವರ್ಷ ಅವರ ಆಫೀಸಿನಲ್ಲಿ ಜನರನ್ನು ತೆಗೆಯುವ ಸುದ್ದಿ ಶುರುವಾಯಿತು. ಅವರ ಲ್ಯಾಪ್‌ಟಾಪು ಟಿಂಗ್ ಎಂದರೆ ಸಾಕು, ಮನೆಯ ಸಾಲ, ಮಗಳ ಕ್ಲಾಸುಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬರುತ್ತಿದ್ದವು. "ಆ ವಾಚು ಮಾರಿಬಿಡ್ರಿ, ಕೈಯಾಗ ಒಂದಿಷ್ಟು ರೊಕ್ಕ ಇರ್ಲಿ," ಎಂದು ಅವರು ಬೇಸತ್ತು ಹೋಗುವಷ್ಟು ಸಲ ಹೇಳಿದೆ. "ನೋಡೂಣು," ಎನ್ನುತ್ತಿದ್ದರು. ಆ ನೋಡೋಣದ ಅರ್ಥ ನನಗೆ ಮದುವೆಯಾದಾಗಿನಿಂದ ಗೊತ್ತು.

ಅಷ್ಟರಲ್ಲಿ ಹಿಂದಿನ ಬೀದಿಯ ಒಂದು ಮನೆಗೆ ಕಳ್ಳರು ನುಗ್ಗಿದರು. ಇಂಡಿಯನ್ನರ ಮನೆಯಲ್ಲಿ ಚಿನ್ನ ಇರುತ್ತದೆ ಎನ್ನುವುದು ಇಲ್ಲಿನ ಕಳ್ಳರಿಗೂ ಗೊತ್ತು. ನಮ್ಮ ಚಿನ್ನ ಬ್ಯಾಂಕಿನ ಲಾಕರಿನಲ್ಲಿತ್ತು. ಆದರೆ ಆ ವಾಚು, ನೇಲ್ ಕಟರಿನ ಪಕ್ಕ, ಬೀಗವಿಲ್ಲದ ಡ್ರಾಯರಿನಲ್ಲಿ! ಒಂದು ಮಂಗಳವಾರ ಅವರು ಆಫೀಸಿಗೆ ಹೋದ ಮೇಲೆ ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿ, ಒಂದು ಹಸಿರು ಖಣದ ಮಡಿಕೆಯೊಳಗೆ ತುರುಕಿ, ಖಣಗಳ ರಾಶಿಯ ನಡುವೆ ಇಟ್ಟೆ. ಖಣವೆಂದರೆ ಕುಪ್ಪಸ ಹೊಲಿಸುವ ತುಂಡು ಬಟ್ಟೆ. ಹೊಲಿಸುವವರು ಯಾರೂ ಇಲ್ಲ. ಒಬ್ಬರ ಮನೆಯ ಅರಿಶಿನ ಕುಂಕುಮದಲ್ಲಿ ಬಂದದ್ದನ್ನು ಮಡಿಕೆ ಕೂಡ ಬಿಚ್ಚದೆ ಇನ್ನೊಬ್ಬರಿಗೆ ಕೊಡುತ್ತೇವೆ. ಯಾವ ಕಳ್ಳನೂ ಅದನ್ನು ಮುಟ್ಟುವುದಿಲ್ಲ ಎಂದು ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ. ಗಂಡನಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾರೆ, ಕೇಳಿದಾಗ ಕೊಟ್ಟರಾಯಿತು ಎಂದುಕೊಂಡೆ.

ಆ ವಾರ ನವರಾತ್ರಿ. ಧಾರವಾಡದಿಂದ ಅತ್ತೆ ಬಂದಿದ್ದರು. ಶುಕ್ರವಾರ ಸಂಜೆ ಪರಿಚಯದ ಹೆಂಗಸರನ್ನು ಕರೆದಿದ್ದೆವು. ಅವರಲ್ಲಿ ಮೌಂಟನ್ ವ್ಯೂನಲ್ಲಿರುವ ಮಂಡ್ಯದ ಹುಡುಗಿಯೊಬ್ಬಳು ತುಂಬು ಬಸುರಿ. ಅವಳಿಗೆ ಅತ್ತೆಯೇ ಕೂರಿಸಿ ಉಡಿ ತುಂಬಿದರು: ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಖಣ. ನಾನು ಅಡುಗೆಮನೆಯಲ್ಲಿ ಕಡಲೆ ಉಸಳಿಗೆ ಒಗ್ಗರಣೆ ಹಾಕುತ್ತಿದ್ದೆ.

ಶನಿವಾರ ಬೆಳಿಗ್ಗೆ, ಇವರು ವಾಚು ಕೇಳುವ ಮೊದಲೇ ತೆಗೆದಿಡೋಣವೆಂದು ಕಪಾಟು ತೆರೆದರೆ ಹಸಿರು ಖಣ ಇಲ್ಲ. ರಾಶಿಯನ್ನೆಲ್ಲ ಕೆಳಗೆ ಸುರಿದು ಒಂದೊಂದನ್ನೂ ಝಾಡಿಸಿದೆ. ಇಲ್ಲ.

"ಅತ್ತಿ, ಹಸರ ಖಣ ಎಲ್ಲೈತಿ?"

"ಆ ಬಸರಿ ಹುಡುಗಿ ಉಡ್ಯಾಗ ಹಾಕಿದೆನವ್ವಾ. ಎತ್ತಿದ್ರ ಭಾಳ ವಜ್ಜಿ ಇತ್ತು. ಒಳಗ ಬೆಳ್ಳಿ ಬಟ್ಟಲಾ ಇಟ್ಟೀ, ಗುಟ್ಟಾಗಿ ಕೊಡಬೇಕಂತ ಮಾಡೀ ಅಂತ ತಿಳದೆ. ಎಂಥಾ ದೊಡ್ಡ ಮನಸು ನನ್ನ ಸೊಸಿದು ಅನ್ಕೊಂಡೆ."

ವಿಷಯ ಹೇಳಿದಾಗ ಅತ್ತೆ ಗಲ್ಲದ ಮೇಲೆ ಕೈ ಇಟ್ಟುಕೊಂಡರು. ವಾಚು ಹೋಯಿತೆಂದಲ್ಲ, ನಾನು ವಾಪಸ್ಸು ಕೇಳುತ್ತೇನೆ ಎಂದದ್ದಕ್ಕೆ.

"ಉಡ್ಯಾಗ ಹಾಕಿದ್ದನ್ನ ತಿರುಗಿ ಕೇಳ್ತಾರೇನ? ಅದೂ ಬಸರಿ ಹೆಂಗಸಿಗೆ? ನಾಳೆ ಏನರೆ ಹೆಚ್ಚುಕಡಿಮಿ ಆದ್ರ?"

ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ. ಆದರೂ ಆ ಮಾತು ಕಿವಿಗೆ ಬಿದ್ದ ಮೇಲೆ ಹೋಗಲಿಲ್ಲ. ಆ ಕಡೆ ಆ ಹುಡುಗಿಯ ಹೊಟ್ಟೆ. ಈ ಕಡೆ ನನ್ನ ಗಂಡ. ಮಾರಿ ಮಾರಿ ಎಂದು ಪ್ರಾಣ ತಿಂದವಳ ಕೈಯಿಂದಲೇ ವಾಚು ಕಾಣೆಯಾಗಿದೆ ಎಂದರೆ ಯಾರು ನಂಬುತ್ತಾರೆ? ಖಣ, ಉಡಿ ಎಂದು ಹೇಳಹೊರಟರೆ ಅದು ಕಟ್ಟುಕತೆಯಂತೆಯೇ ಕೇಳುತ್ತದೆ. ನನಗೆ ಬೇಕಿದ್ದದ್ದು ವಾಚಲ್ಲ, ಅವರು ನನ್ನನ್ನು ನಂಬುವುದು.

ಹೆದರಿ ಹೆದರಿಯೇ ಆ ಹುಡುಗಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮೆಸೇಜು ಹಾಕಿದೆ. ಅದನ್ನೂ ಓದಿದಂತಿರಲಿಲ್ಲ. ಶನಿವಾರ ಇವರು ರಬ್ಬರ್ ವಾಚನ್ನೇ ಕಟ್ಟಿಕೊಂಡು ಮಗಳನ್ನು ಈಜಿಗೆ ಕರೆದುಕೊಂಡು ಹೋದರು. ಭಾನುವಾರವೂ ಕೇಳಲಿಲ್ಲ. ಆಫೀಸಿನ ಚಿಂತೆಯಲ್ಲಿ ಮರೆತಿರಬೇಕು, ದೇವರು ದೊಡ್ಡವನು ಎಂದುಕೊಂಡೆ. ಅವರು ಡ್ರಾಯರಿನ ಹತ್ತಿರ ಹೋದಾಗಲೆಲ್ಲ ಏನಾದರೂ ನೆಪ ಮಾಡಿ ಕೂಗುತ್ತಿದ್ದೆ. ಒಮ್ಮೆ ಸಾರಿಗೆ ಉಪ್ಪು ಸಾಕೋ ನೋಡಿ ಎಂದು ಸಾರೇ ಮಾಡದ ದಿನ ಕರೆದೆ.

ಸೋಮವಾರ ಮಧ್ಯಾಹ್ನ ಆ ಹುಡುಗಿಯ ಫೋನು ಬಂತು.

"ಸಾರಿ ಅಕ್ಕ, ವೀಕೆಂಡು ಫೋನೇ ನೋಡಿಲ್ಲ. ಆ ಮಡಿಲಕ್ಕಿ ಬ್ಯಾಗಾ? ಕಾರ್ ಹಿಂದಿನ ಟ್ರಂಕಲ್ಲೇ ಇದೆ ಅಕ್ಕ. ಬಗ್ಗಕ್ಕಾಗಲ್ಲ ನೋಡಿ, ಹಂಗೇ ಬಿಟ್ಬಿಟ್ಟಿದೀನಿ."

ಅವಳು ಕೆಲಸಕ್ಕೆ ಹೋದಾಗ ಆ ಕಾರು ದಿನವಿಡೀ ನಿಲ್ಲುವುದು ಟ್ರೇನ್ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ. ಅಲ್ಲಿ ನೆಲದ ಮೇಲೆ ಯಾವಾಗಲೂ ಒಡೆದ ಕಾರಿನ ಗಾಜಿನ ಚೂರು ಬಿದ್ದಿರುತ್ತದೆ. ಕಳ್ಳರಿಗೆ ಹೆದರಿ ಬಚ್ಚಿಟ್ಟದ್ದನ್ನು ಕಳ್ಳರ ಬೀದಿಗೇ ಕಳಿಸಿದ್ದೆ.

ಮಂಗಳವಾರ ಸಂಜೆ ಸೇತುವೆಯ ಟ್ರಾಫಿಕ್ಕಿನಲ್ಲಿ ತೆವಳುತ್ತ ಮೌಂಟನ್ ವ್ಯೂಗೆ ಹೋದೆವು. ಅತ್ತೆಯೂ ಬಂದರು. ದಾರಿಯುದ್ದಕ್ಕೂ ಅವರ ಮಡಿಲಲ್ಲಿ ಒಂದು ಸಣ್ಣ ಗಂಟು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಆ ಹುಡುಗಿ ಟ್ರಂಕು ತೆರೆದಳು. ಚೀಲದಲ್ಲಿ ಅಕ್ಕಿ ಚೆಲ್ಲಿತ್ತು, ಎಲೆ ಬಾಡಿತ್ತು. ಹಸಿರು ಖಣ ಕೊಟ್ಟ ಹಾಗೆಯೇ ಇತ್ತು. ನಾನು ಕೈ ಚಾಚಿದೆ.

"ತಡಿ," ಎಂದರು ಅತ್ತೆ. ಗಂಟು ಬಿಚ್ಚಿದರು. ಅವರು ದಿನಾ ಪೂಜೆಗೆ ಇಡುವ ಬೆಳ್ಳಿ ಕುಂಕುಮದ ಬಟ್ಟಲು. ಅಲ್ಲೇ ಕಾರುಗಳ ನಡುವೆ ಆ ಹುಡುಗಿಯ ದುಪಟ್ಟಾ ಹಿಡಿಸಿ, ಬಟ್ಟಲು, ಖಣ, ಅಕ್ಕಿ ಹಾಕಿ ಮತ್ತೊಮ್ಮೆ ಉಡಿ ತುಂಬಿದರು. ಆಮೇಲೆಯೇ ಖಣದೊಳಗಿಂದ ತೆಗೆದಿದ್ದ ಕರವಸ್ತ್ರದ ಗಂಟನ್ನು ನನಗೆ ಕೊಟ್ಟರು. "ಒಂದು ವಾಚಿಗಾ ಅಕ್ಕ ಇಷ್ಟು ಟೆನ್ಶನ್ನು?" ಎಂದು ಆ ಹುಡುಗಿ ನಕ್ಕಳು. ನನಗೆ ಅಳು ಬರುವಂತಾಗಿತ್ತು.

ಮನೆಗೆ ಬಂದಾಗ ಇವರು ಸೋಫಾದಲ್ಲಿದ್ದರು. ಕರವಸ್ತ್ರ ಬಿಚ್ಚಿ ವಾಚನ್ನು ಅವರ ಮುಂದಿಟ್ಟು, ಮಂಗಳವಾರದಿಂದ ಮಂಗಳವಾರದವರೆಗಿನದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ನಿಂತುಹೋಗಿದ್ದ ವಾಚನ್ನು ಕೈಗೆತ್ತಿಕೊಂಡು ನೋಡುತ್ತ ಕೂತರು.

"ಶನಿವಾರ ಮುಂಜಾನೆ ನೀ ಏಳೂಕಿಂತ ಮೊದಲ ಡ್ರಾಯರ್ ನೋಡಿದ್ದೆ. ನೀ ಮಾರಿಬಿಟ್ಟೀ ಅಂತ ತಿಳದೆ."

"ಮತ್ತ ಕೇಳಲಿಲ್ಲ ಯಾಕ?"

"ಕೇಳಿದ್ರ ಹೌದು ಅಂತಿ ಅಂತ ಹೆದರಿಕಿ ಆತು."

ಅಂದರೆ ಅಷ್ಟೂ ದಿನ ನನ್ನ ಎದುರಿಗೆ ಕೂತು ಊಟ ಮಾಡಿದ್ದರು, ಇನ್ನಷ್ಟು ಅನ್ನ ಬಡಿಸಿಕೊಂಡಿದ್ದರು, ಇಲ್ಲದ ಸಾರಿನ ಉಪ್ಪು ನೋಡಲು ಎದ್ದು ಬಂದಿದ್ದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ನಿಮಗ ಹೇಳದನ ಮಾರ್ತೀನಿ ಅಂತ ಅನಿಸ್ತೇನು ನನ್ನ ಬಗ್ಗೆ?" ಎಂದೆ.

ಅವರು ವಾಚಿನ ಪಕ್ಕದ ಕೀಲಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದರು.

"ಹೇಳದನ ಮುಚ್ಚಿಟ್ಟೀಯಲ್ಲ," ಎಂದರು.

ವಾಚು ಮತ್ತೆ ನಡೆಯತೊಡಗಿತು. ನಾನು ಖಾಲಿ ಕರವಸ್ತ್ರವನ್ನು ಮಡಚುತ್ತ ಅಲ್ಲೇ ನಿಂತಿದ್ದೆ.