ಚಿಲಕಲ ಬಿಲ್ಡಿಂಗಿನ ತಾರಸಿ

ವಿಶಾಖಪಟ್ಟಣದ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಸಿವಿಲ್ ಎಂಜಿನಿಯರಾಗಿದ್ದು ನಿವೃತ್ತನಾದ ಮರುವರ್ಷದ ಮಾತಿದು. ಎಂವಿಪಿ ಕಾಲೋನಿಯ ಮನೆಯಲ್ಲಿ ಕುಳಿತು ಹೆಂಡತಿಯ ಒಗ್ಗರಣೆಯಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ಆಗ ವಿಜಯವಾಡದ ಹಳೇಪೇಟೆ ಒನ್ ಟೌನಿನಿಂದ ಫೋನ್ ಬಂತು. ಮಾಡಿದವರು ಮಂಗಳಗಿರಿ ಸೀರೆ ಮಾರುವ ರಾಜ್ಯಲಕ್ಷ್ಮಮ್ಮ. ಅವರ ಅಂಗಡಿಯಿದ್ದ ಹಳೆಯ ಕಟ್ಟಡಕ್ಕೆ ನಗರಪಾಲಿಕೆಯವರು ನೋಟಿಸ್ ಅಂಟಿಸಿದ್ದರು. ಹದಿನೈದು ದಿನದೊಳಗೆ ಸ್ಟೆಬಿಲಿಟಿ ಸರ್ಟಿಫಿಕೇಟ್, ಅಂದರೆ ಕಟ್ಟಡ ಗಟ್ಟಿಯಿದೆ ಎಂದು ಎಂಜಿನಿಯರ್ ಬರೆದುಕೊಡುವ ಪತ್ರ, ತರದಿದ್ದರೆ ಕೆಡವುತ್ತಾರೆ. ತವರು ಬಳ್ಳಾರಿಯಾದ್ದರಿಂದ ಆಕೆ ಕನ್ನಡದ ಎಂಜಿನಿಯರನ್ನೇ ಹುಡುಕಿ ಹಿಡಿದಿದ್ದರು.

"ನಮ್ಮ ಯಜಮಾನ್ರು ಹೋದ ಮ್ಯಾಲೆ ನನ್ನ ಕೈ ಹಿಡಿದಿದ್ದು ಈ ಅಂಗಡಿನೇ ಸಾರ್. ಒಂದ್ಸಲ ಬಂದು ನೋಡ್ರಿ ಅಂಡಿ" ಎಂದರು. ಬಳ್ಳಾರಿಯ 'ರಿ'ಗೆ ತೆಲುಗಿನ 'ರೀ' ಆದ 'ಅಂಡಿ'ಯೂ ಅಂಟಿಕೊಂಡಿತ್ತು.

ಕಟ್ಟಡ ಕಂಡವನು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಆಟೋದವನು ತೆಲುಗಿನಲ್ಲಿ ಬೈದದ್ದೂ ಹಿತವಾಗಿಯೇ ಕೇಳಿಸಿತು. ಬೀಡುಕಬ್ಬಿಣದ ಕಂಬಗಳು, ಬಣ್ಣದ ಗಾಜಿನ ಕಮಾನುಗಳು, ನೆತ್ತಿಯ ಮೇಲೆ ಸಾಲಾಗಿ ಗಾರೆಯ ಗಿಳಿಗಳು. ಹಳೇ ಕಾಲದ ಬಟ್ಟೆ ವರ್ತಕರೊಬ್ಬರು ಕಟ್ಟಿಸಿದ್ದಂತೆ. ಊರವರಿಗೆ ಅದು ಚಿಲಕಲ ಬಿಲ್ಡಿಂಗ್, ಗಿಳಿಗಳ ಕಟ್ಟಡ. ಅದರಲ್ಲಿ ಹದಿನಾಲ್ಕು ಅಂಗಡಿಗಳಿದ್ದವು.

ಒಳಗೆ ಹೋದರೆ ಉತ್ಸಾಹವೆಲ್ಲ ಇಳಿಯಿತು. ಮಹಡಿಯ ಮೇಲೆ ತಾರಸಿಯನ್ನು ಹೊತ್ತ ತೇಗದ ತೊಲೆಗಳು ಬಾಗಿದ್ದವು. ದಾರ ಕಟ್ಟಿ ಅಳೆದೆ: ನಡುವೆ ಮೂವತ್ತೆಂಟು ಮಿಲಿಮೀಟರ್ ಇಳಿದಿತ್ತು. ಇಂಥ ತಾರಸಿಗೆ ಪುಸ್ತಕದಲ್ಲಿ ಹೇಳಿದ ಭಾರವನ್ನು ಹಾಕಿ ಲೆಕ್ಕ ಮಾಡಿದೆ. ಅಷ್ಟು ಭಾರಕ್ಕೆ ಒಳ್ಳೆಯ ತೇಗ ಇಷ್ಟು ಬಾಗಬಾರದು, ಆದ್ದರಿಂದ ಮರ ಒಳಗೇ ಸತ್ತಿದೆ ಎಂದು ತೀರ್ಮಾನಿಸಿ, "ಬಳಕೆಗೆ ಯೋಗ್ಯವಲ್ಲ" ಎಂದು ಕರಡು ಬರೆದೂ ಬಿಟ್ಟೆ.

ರಾಜ್ಯಲಕ್ಷ್ಮಮ್ಮ ಅಳಲಿಲ್ಲ, ವಾದಿಸಲೂ ಇಲ್ಲ. "ಹೆಂಗೂ ಕೆಡವ್ತಾರೆ. ಅದಕ್ಕ ಮುಂಚೆ ಗಿಳಿಗಳನ್ನ ಹತ್ರದಿಂದ ನೋಡ್ಕೊಂಡು ಹೋಗ್ರಿ ಸಾರ್" ಎಂದು ತಾರಸಿಗೆ ಕರೆದೊಯ್ದರು.

ಅಲ್ಲಿ ಕಾಲಿಟ್ಟವನು ಗಿಳಿಗಳನ್ನು ಮರೆತೇಬಿಟ್ಟೆ. ಅಂಚಿನ ಕೈಪಿಡಿ ಗೋಡೆಯಲ್ಲಿ ಹೂಜಿಯಾಕಾರದ ಗಿಡ್ಡ ಕಂಬಗಳಿದ್ದವು. ಬೀದಿಯಿಂದ ಅವು ಪೂರ್ತಿ ಕಾಣುತ್ತಿದ್ದವು. ಮೇಲಿನಿಂದ ನೋಡಿದರೆ ಹೂಜಿಯ ಕುತ್ತಿಗೆ ಮಾತ್ರ! ಹೊಟ್ಟೆಯೆಲ್ಲ ನೆಲದೊಳಗೆ. ಅಂದರೆ ತಾರಸಿಯೇ ಮೇಲೆದ್ದಿತ್ತು.

"ಇದೇನ್ರೀ ಅಮ್ಮಾ?" ಎಂದೆ.

"ಸೋರಿದಾಗೆಲ್ಲ ಮ್ಯಾಲೊಂದು ಪದರ ಹಾಕಿಸ್ತೀವಿ ಸಾರ್. ಹಳೇದು ಕೀಳಂಗಿಲ್ಲ. ಕೆಳಗ ಪ್ರತಿ ಅಂಗಡ್ಯಾಗೂ ಲಕ್ಷ್ಮಿ ಕುಂತಿರ್ತಾಳೆ. ಆಯಮ್ಮನ ತಲೆ ಮ್ಯಾಲೆ ಗಡಾರಿ ಬೀಳಬಾರದು ಅಂಡಿ. ನಮ್ಮತ್ತೆ ಕಾಲದಿಂದ್ಲೂ ಹಿಂಗೇ."

ಕೆಳಗೆ ಅಂಗಡಿಯಿಲ್ಲದ ಕಡೆ, ಮೆಟ್ಟಿಲಿನ ನೆತ್ತಿಗೆ, ಒಂದಡಿ ಚೌಕ ಒಡೆಸಿದೆ. ಹೆಂಚುಬಿಲ್ಲೆ, ಸಿಮೆಂಟು, ಡಾಂಬರು, ಮತ್ತೆ ಸಿಮೆಂಟು, ಚಿಪ್ಸ್ ಕಲ್ಲು, ಇನ್ನೊಮ್ಮೆ ಸಿಮೆಂಟು. ಕಟ್ಟಡದ ಚರಿತ್ರೆಯೆಲ್ಲ ಅಲ್ಲಿ ಒಂದರ ಮೇಲೊಂದು ಮಲಗಿತ್ತು! ಎಲ್ಲಕ್ಕಿಂತ ಕೆಳಗೆ ಮೂಲದ ಸುಣ್ಣದ ಗಾರೆ. ಅದರ ಮೇಲೆ ಪೇರಿಸಿದ್ದು ಬರೋಬ್ಬರಿ ಮೂವತ್ತು ಸೆಂಟಿಮೀಟರ್. ನಾನು ಮೇಲಿನ ಭಾರವನ್ನು ಪುಸ್ತಕದಿಂದ ಎತ್ತಿಕೊಂಡಿದ್ದೆ, ಹತ್ತಿ ನೋಡಿರಲಿಲ್ಲ. ಇಷ್ಟು ಹೊತ್ತರೆ ಗಟ್ಟಿ ತೇಗವೂ ಬಾಗುತ್ತದೆ. ನಾಚಿಕೆಯೂ ಆಯಿತು, ಕುಣಿಯಬೇಕೆಂದೂ ಅನ್ನಿಸಿತು.

ಆದರೆ ಅನ್ನಿಸಿದ್ದಕ್ಕೆ ಸಹಿ ಹಾಕಲಾಗದು. ಭಾರ ಇಳಿಸಿದಾಗ ತೊಲೆ ಮೇಲೇಳಬೇಕು. ಎದ್ದರೆ ಮರಕ್ಕೆ ಜೀವವಿದೆ, ಇಲ್ಲವಾದರೆ ನನ್ನ ಕರಡೇ ಸರಿ. ಇದಕ್ಕೆ ಇಡೀ ತಾರಸಿಗೆ ಗಡಾರಿ ಹಾಕಬೇಕು. ವರ್ತಕರು ಒಕ್ಕೊರಲಿನಿಂದ ಬೇಡವೆಂದರು. ಮೂರು ದಿನ ಮಾತಿನಲ್ಲೇ ಕಳೆಯಿತು.

ನಾಲ್ಕನೆಯ ಬೆಳಿಗ್ಗೆ ರಾಜ್ಯಲಕ್ಷ್ಮಮ್ಮ ತಮ್ಮ ಅಂಗಡಿಯ ಲಕ್ಷ್ಮಿಯ ಪಟ ಇಳಿಸಿ, ಎದುರಿನ ಜಗಲಿಯಲ್ಲಿ ಸೀರೆ ಗಂಟಿನ ಮೇಲಿಟ್ಟು ದೀಪ ಹಚ್ಚಿದರು. "ಆಯಮ್ಮ ಹೊರಗ ಕುಂತಾಳೆ. ಈಗ ಒಡೀರಿ" ಎಂದು ಅಲ್ಲೇ ವ್ಯಾಪಾರಕ್ಕೂ ಕುಳಿತರು. ಮಧ್ಯಾಹ್ನದೊಳಗೆ ಜಗಲಿಯಲ್ಲಿ ಹದಿನಾಲ್ಕು ಲಕ್ಷ್ಮಿಯರಿದ್ದರು.

ಲಾರಿ ಗ್ಯಾರೇಜುಗಳ ಬೀಡಾದ ಆಟೋನಗರದಿಂದ ಭಾರ ಎತ್ತುವ ಜಾಕ್‌ಗಳನ್ನು ತರಿಸಿ, ಅಪಾಯಕ್ಕೆ ಇರಲೆಂದು ತೊಲೆಗಳ ಕೆಳಗೆ ಬೆರಳಷ್ಟು ಸಂದು ಬಿಟ್ಟು ನಿಲ್ಲಿಸಿದೆ. ನಡುತೊಲೆಗೆ ಡಯಲ್ ಗೇಜ್ ಕಟ್ಟಿದೆ. ಗಡಿಯಾರದಂತಿರುವ ಆ ಉಪಕರಣ ಮಿಲಿಮೀಟರಿನ ನೂರನೇ ಒಂದು ಭಾಗ ಅಲುಗಿದರೂ ತೋರಿಸುತ್ತದೆ. ಪದರ ಒಡೆದು ಬುಟ್ಟಿಗಳಲ್ಲಿ ಕೆಳಗಿಳಿಸತೊಡಗಿದರು. ಮೊದಲ ದಿನ ಮುಳ್ಳು ಹೆಚ್ಚೇನೂ ಸರಿಯಲಿಲ್ಲ; ಒಡೆದಿದ್ದು ಅಂಚಿನಲ್ಲಿ ಮಾತ್ರ. ಎರಡನೆಯ ದಿನ ನಡುಭಾಗದ ಭಾರ ಇಳಿಯುತ್ತಿದ್ದಂತೆ ಮುಳ್ಳು ತಿರುಗತೊಡಗಿತು. ಒಂದು ಮಿಲಿಮೀಟರ್. ಮೂರು. ಐದು.

"ಸಾರ್, ನಿಜವಾಗ್ಲೂ ಏಳ್ತೈತಾ?" ಎಂದು ರಾಜ್ಯಲಕ್ಷ್ಮಮ್ಮ ಪಿಸುಗುಟ್ಟಿದರು.

"ಏಳಾಕತ್ತೈತ್ರೀ ಅಮ್ಮಾ" ಎಂದೆ. ನಾನು ಧಾರವಾಡದವನು. ಖುಷಿಯಾದರೆ ಬಾಯಿಗೆ ಊರ ಮಾತೇ ಬರುತ್ತದೆ. ಕಣ್ಣಲ್ಲಿ ನೀರೂ ಬಂತು, ಧೂಳೆಂದು ಸುಳ್ಳು ಹೇಳಲಿಲ್ಲ.

ಕೆಲಸ ಮುಗಿದಾಗ ತೊಲೆ ಹದಿನಾರು ಮಿಲಿಮೀಟರ್ ಎದ್ದಿತ್ತು. ಉಳಿದ ಬಾಗು ಹಾಗೇ ಇರಲಿ, ವಯಸ್ಸಾದ ಬೆನ್ನು. ಹೊಸ ಲೆಕ್ಕ ಸರಿಯಾಗಿ ಕೂತಿತು. ಹದಿನಾಲ್ಕನೆಯ ದಿನ ಸರ್ಟಿಫಿಕೇಟಿಗೆ ಸಹಿ ಹಾಕಿದೆ, ನೋಟಿಸ್ ಕಿತ್ತರು.

ಬಾಗಿದ್ದನ್ನು ಕಂಡರೆ ಅದರ ಶಕ್ತಿಯನ್ನು ಅನುಮಾನಿಸುವ ಮೊದಲು ಅದರ ಮೇಲೆ ಹೇರಿದ್ದನ್ನು ಅಳೆಯಬೇಕು. ಇಷ್ಟು ಕಲಿಯಲು ನನಗೆ ನಿವೃತ್ತಿಯಾಗಬೇಕಾಯಿತು. ಸರ್ವಿಸಿನಲ್ಲಿದ್ದಾಗ "ಯೋಗ್ಯವಲ್ಲ" ಎಂದು ಬರೆದ ಎಷ್ಟೋ ಛಾವಣಿಗಳನ್ನು ನಾನು ಹತ್ತಿ ನೋಡಿರಲಿಲ್ಲ. ಈಗ ಯಾರು ಕರೆದರೂ, ಅವರು ಕಾಫಿ ತರುವ ಮೊದಲೇ ತಾರಸಿಯ ಬೀಗದ ಕೈ ಕೇಳುತ್ತೇನೆ.