ಬೇಡ ಅಂದವನ ಫೋಟೊ

ಹೋದ ಭಾನುವಾರ ಬೆಳಿಗ್ಗೆ ಭಾರತೀನಗರದ ಸರ್ಕಲ್ಲಿನಲ್ಲಿ ಏಣಿ ಹತ್ತಿ ಫ್ಲೆಕ್ಸ್ ಹರಿದೆ. ಈ ವಯಸ್ಸಿನಲ್ಲಿ! ಬಸ್ಸಿಗೆ ಕಾಯುತ್ತಿದ್ದವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಕೆಟ್ಟೂ ಇತ್ತು.

ಫ್ಲೆಕ್ಸಿನಲ್ಲಿದ್ದವನು ನಮ್ಮ ಮಹಡಿ ರೂಮಿನ ಬಾಡಿಗೆದಾರ. (ಹೆಸರು ಬರೆಯುವುದಿಲ್ಲ. ಈಗಲಾದರೂ ಬುದ್ಧಿ ಬಂದಿದೆ.) ಕಾಬೂಲಿನವನು. ಅಲ್ಲಿ ಮದುವೆ ಮನೆಗಳಲ್ಲಿ ರುಬಾಬ್ ಎಂಬ ತಂತಿವಾದ್ಯ ನುಡಿಸುತ್ತಿದ್ದನಂತೆ. ಸಂಗೀತವೇ ಅಪರಾಧವಾದ ಮೇಲೆ ಬಂದೂಕಿನವರು ಮನೆಗೆ ನುಗ್ಗಿ ವಾದ್ಯ ಒಡೆದರು. ಇವನು ತಪ್ಪಿಸಿಕೊಂಡು ಬಂದ. ತಂಗಿ ಅಲ್ಲೇ ಉಳಿದಳು. ದೆಹಲಿಯಲ್ಲಿ ಕೊಂಡ ಹಳೆಯ ರುಬಾಬೊಂದು ಈಗ ಅವನ ಜೊತೆಗಿದೆ.

ನಮ್ಮ ಬೀದಿಯ ನಿಂಗರಾಜ ರಾಜ್ಯೋತ್ಸವದ ವೇದಿಕೆಗೆ ಅವನನ್ನು ಕರೆದ. ‘ನುಡಿಸುತ್ತೇನೆ, ಫೋಟೊ ಮಾತ್ರ ಬೇಡ’ ಎಂದ, ಹಿಂದಿಯಲ್ಲಿ.

ನಮ್ಮ ಕಡೆ ಊಟಕ್ಕೆ ಕೂತವರು ಬೇಡ ಅಂದರೆ ಇನ್ನೊಂದು ಮುದ್ದೆ ಹಾಕಿ ಎಂದೇ ಅರ್ಥ ತಾನೇ? ಪಾಪ, ಸಂಕೋಚ ಎಂದುಕೊಂಡೆ. ಒಂದು ಸಂಜೆ ಅವನು ಮಹಡಿಯಲ್ಲಿ ಕಣ್ಣು ಮುಚ್ಚಿ ನುಡಿಸುತ್ತಿದ್ದಾಗ ಮೊಬೈಲಿನಲ್ಲಿ ಫೋಟೊ ಹಿಡಿದು ನಿಂಗರಾಜನಿಗೆ ಕಳಿಸಿದವನು ನಾನೇ.

ಭಾನುವಾರ ನಿಂಗರಾಜನ ಫೋನು. “ಸರ್ಕಲ್ಗೆ ಬಂದ್ ನೋಡಣ್ಣ, ಫ್ಲೆಕ್ಸು ಎಂಗ್ ಬಂದೈತೆ ಅಂತ! ರಾತ್ರಿನೇ ನೆಟ್ಟಲ್ಲೂ ಬುಟ್ಟಿವ್ನಿ ಕಣಣ್ಣ, ಎಸ್ರು, ಊರು ಎಲ್ಲ ಆಕಿ.”

ಅಷ್ಟರಲ್ಲಿ ಹಾಲು ತರಲು ಹೋಗಿದ್ದ ಬಾಡಿಗೆದಾರ ವಾಪಸು ಬಂದು ಮೆಟ್ಟಿಲ ಮೇಲೆ ಕೂತ. ಫ್ಲೆಕ್ಸ್ ನೋಡಿಬಂದಿದ್ದ.

“ನನ್ನನ್ನು ಹುಡುಕಿ ಬಂದವರಿಗೆ ತಂಗಿ, ಅಣ್ಣ ಸತ್ತ ಅಂದಿದ್ದಳು. ನಂಬಿದ್ದರು. ಅದಕ್ಕೇ ಅವಳನ್ನು ಬಿಟ್ಟಿದ್ದರು.”

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಓಡಿಹೋಗಿ ಫ್ಲೆಕ್ಸ್ ಹರಿದದ್ದು ಆಗ. ನಿಂಗರಾಜನನ್ನು ಕರೆಸಿ ನೆಟ್ಟಿನಲ್ಲಿದ್ದದ್ದನ್ನೂ ಅಳಿಸಿದೆವು. ಅಳಿಸುವ ಮೊದಲು ಅದರ ಕೆಳಗೆ ಅವನ ಭಾಷೆಯಲ್ಲಿ ಯಾರೋ ಬರೆದಿದ್ದ ಒಂದು ಸಾಲನ್ನು ಅವನೇ ಓದಿ ಹೇಳಿದ: ‘ಓ, ಇವನು ಬದುಕಿದ್ದಾನೆ.’

ನಿಂಗರಾಜ ಮೊಬೈಲ್ ಜೇಬಿಗಿಟ್ಟ. “ತೆಪ್ಪಾಯ್ತು ಕಣಣ್ಣ. ಕ್ಷಮ್ಸಿ ಅಂತ ಇನ್ನೊಂದು ಫ್ಲೆಕ್ಸ್ ಆಕುಸ್ಬುಡವಾ?” ಎಂದ. ನಗು ಬರಲಿಲ್ಲ. ಒಳ್ಳೆಯವನೇ. ನಾವೆಲ್ಲ ಒಳ್ಳೆಯವರೇ.

ಇವತ್ತಿಗೆ ನಾಲ್ಕು ದಿನ. ತಂಗಿಯ ಫೋನು ಸ್ವಿಚ್ ಆಫ್. ಅವನು ರುಬಾಬನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ದಿನವಿಡೀ ನಂಬರ್ ಒತ್ತುತ್ತಾ ಕೂತಿರುತ್ತಾನೆ. ನಾನು ಕಾಫಿ ಕೊಟ್ಟು ತಲೆ ತಗ್ಗಿಸಿಕೊಂಡು ಇಳಿದು ಬರುತ್ತೇನೆ.

ಅಕಸ್ಮಾತ್ ಅವಳು ಫೋನ್ ಎತ್ತಿದರೆ ನಾನು ಏನು ಹೇಳಲಿ, ನಿಮ್ಮಣ್ಣ ಬಹಳ ಚೆನ್ನಾಗಿ ನುಡಿಸುತ್ತಿದ್ದ, ಅದಕ್ಕೇ ಫೋಟೊ ಹಿಡಿದೆನಮ್ಮಾ ಅಂತಲಾ?