ಕರೆಂಟ್ ಒಲೆಯಿಂದ ಉದುರಿದ್ದು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಪಿರಿಯಾಪಟ್ಟಣದ ಮನೆಯ ಕರೆಂಟ್ ಒಲೆ ಕಾಯುವುದನ್ನೇ ನಿಲ್ಲಿಸಿತು. "ನೀನೇ ಹಾಲು ಉಕ್ಕಿಸಿ ಕೆಡಿಸಿರ್ತೀಯ ಕಣವ್ವ!" ಎಂದರು ಮಾವ. ಡಾಕ್ಟರ ಮಾತಿಗೆ ಬೀಡಿ ಬಿಟ್ಟೆನೆಂದು ಸಾರಿದ ದಿನದಿಂದ ಅವರಿಗೆ ಎಲ್ಲರ ಮೇಲೂ ಗುಮಾನಿ.

ನಮ್ಮವರು ಪ್ಲಗ್ ಕಿತ್ತು, ತುಂಡಾಗಿದ್ದ ಕಾಯಿಲ್ ಬಿಚ್ಚಿ, ಒಲೆಯನ್ನು ಬೋರಲು ಹಾಕಿ ತಟ್ಟಿದರು. ಹಾಲಿನ ಕಲೆಯೇ ಇಲ್ಲ. ಉದುರಿದ್ದು ಅರೆಸುಟ್ಟ ಬೀಡಿ ಎಲೆಯ ಚೂರುಗಳು!

"ಯಾರದಪ್ಪಾ ಇದು?"

"ಗಾಳಿಗೆ ಬಂದಿರ್ತದೆ ಬುಡ್ಲಾ," ಎಂದು ಮಾವ ಹಿತ್ತಿಲಿಗೆ ನಡೆದರು.

ನಮ್ಮವರು ತುಂಡಾದ ತುದಿಗಳನ್ನು ಹೊಸೆದು ಸೇರಿಸಿ, ಪ್ಲಗ್ ಚುಚ್ಚಿ ಸ್ವಿಚ್ ಹಾಕಿದ್ದೇ ತಡ, ಕಾಯಿಲ್ ಕೆಂಪಾಯಿತು. ಮಾವ ಅಡುಗೆಮನೆ ಬಾಗಿಲಲ್ಲಿ ಮತ್ತೆ ಹಾಜರು, ಒಂದು ಕೈ ಬೆನ್ನ ಹಿಂದೆ.

"ಕಾಯ್ತದಾ ಅಂತ ನೋಡಕ್ಕೆ ಬಂದೆ ಕಣವ್ವ."

"ಕೈ ತೋರ್ಸಿ ಮಾವ," ಎಂದೆ.

ಇನ್ನೊಂದು ಕೈ ತೋರಿಸಿದರು.